ಶನಿವಾರದ ಜ್ವರ

ಆಕೆಗೆ ಒಂದು ಒಳ್ಳೆಯ ಹೆಸರಿತ್ತು. ಆದರೆ ಕಮಠಾಣದ ಅತ್ತೆಮನೆಯಲ್ಲಿ, ಬೀದರಿನ ನಮ್ಮ ಬಿದ್ರಿ ಕಾರ್ಖಾನೆಯಲ್ಲಿ, ಸಂತೆಯಲ್ಲಿ, ಎಲ್ಲೆಡೆ ಆಕೆ 'ಔರಾದದಾಕಿ'. ನಮ್ಮ ಕಡೆ ಸೊಸೆಯನ್ನು ತವರೂರಿನ ಹೆಸರಿನಿಂದ ಕರೆಯುವುದು ವಾಡಿಕೆ. ಮೊಮ್ಮಕ್ಕಳನ್ನು ಕಂಡ ಮೇಲೂ ಆಕೆ ಔರಾದದಾಕಿಯಾಗಿಯೇ ಉಳಿದಳು. ಮೊನ್ನೆ ಕಮಠಾಣದಿಂದ ಬಂದವರೊಬ್ಬರು 'ಔರಾದದಾಕಿ ಹೋದ್ಳರಿ' ಎಂದರು. ಮಧ್ಯಾಹ್ನ ಊಟ ಮಾಡಿ, ಪಾತ್ರೆ ತೊಳೆದು ಬೋರಲು ಹಾಕಿ, ಗೋಡೆಗೆ ಒರಗಿದವಳು ಏಳಲಿಲ್ಲವಂತೆ. ತುಂಬು ವಯಸ್ಸು. ಕೆಲಸ ಮುಗಿಸಿಯೇ ಹೋದಳು ಎಂದುಕೊಂಡೆ. ಅಂಥವರನ್ನು ಕಂಡರೆ ನನಗೆ ಗೌರವ.

'ಗಾಳಿ ಯಾ ಕಡಿಂದ ಅದ?' ಎಲ್ಲಿಗೆ ಹೋದರೂ ಆಕೆಯ ಮೊದಲ ಮಾತು ಇದು. ಕ್ಷೇಮಸಮಾಚಾರ ಆಮೇಲೆ. ನನ್ನ ಮಗಳ ಮದುವೆಯಲ್ಲಿ ಅಡುಗೆಯವರು ಹಿತ್ತಲಲ್ಲಿ ಸಾಲಾಗಿ ಒಲೆ ತೋಡಿ ಬೆಂಕಿ ಹೊತ್ತಿಸುವ ಹೊತ್ತಿಗೆ ಸರಿಯಾಗಿ ಬಂದಳು. ಒಂದು ಹಿಡಿ ಒಣಮಣ್ಣು ತೆಗೆದು, ಕೈಯಿಂದ ಮೆಲ್ಲಗೆ ಜಾರಿಸಿ, ಅದು ಯಾವ ದಿಕ್ಕಿಗೆ ಹಾರುತ್ತದೆ ಎಂದು ನೋಡಿದಳು.

'ಈ ಸಾಲು ತಿರುಗಸ್ರಿ' ಎಂದಳು.

ಅಡುಗೆಯವರ ಮುಖಂಡ ಸಿಡುಕಿನವನು. 'ನಾ ಲಗ್ನದ ಅಡಗಿ ಮಾಡ್ಲಿಕ್ಕ ಬಂದೇನಿ ಯವ್ವಾ. ನೀ ಇಲ್ಲಿ ಭಟ್ಟಿ ಹಾಕ್ಲಿಕ್ಕ ಬಂದಿಯೇನು?'

'ಹೊಗಿಗಿ ಲಗ್ನ ಗೊತ್ತಿಲ್ಲೋ ಅಪ್ಪಾ.'

ಒಲೆಗಳು ತಿರುಗಿದವು. ಆ ಮದುವೆಯಲ್ಲಿ ಅಡುಗೆಯವರಲ್ಲಿ ಯಾರೂ ಕಣ್ಣು ಒರೆಸಿಕೊಳ್ಳಲಿಲ್ಲ. ಅತ್ತವಳು ನನ್ನ ಹೆಂಡತಿ ಒಬ್ಬಳೇ, ಅದು ಬೇರೆ ಕಾರಣಕ್ಕೆ.

ಕಸಬರಿಗೆಯ ವಿಷಯದಲ್ಲೂ ಆಕೆಯದು ಕಟ್ಟುನಿಟ್ಟು. ನೀರು ಚಿಮುಕಿಸದೆ ಯಾರಾದರೂ ಗುಡಿಸಿದರೆ ಕಸಬರಿಗೆಯನ್ನೇ ಕಸಿದುಕೊಳ್ಳುತ್ತಿದ್ದಳು. ಇದು ಕಾರ್ಖಾನೆಗೆ ಸರಿ. ಆದರೆ ನಮ್ಮ ಮನೆಗೆ ಬಂದಾಗಲೂ ಅದೇ. 'ಇಲ್ಲೇನು ಜಸ್ತ ಕರಗಸ್ತೀವೇನ?' ಎಂದು ನನ್ನ ಹೆಂಡತಿ ಕೇಳಿದಳು. 'ಧೂಳು ಧೂಳಽ ಅಲ್ಲೇನ್ರಿ ಅಕ್ಕಾ. ನಿಮ್ಮದು ಮಣ್ಣಿಂದು, ನಮ್ಮದು ಲೋಹದ್ದು. ಮೂಗು ಮಾತ್ರ ಎಲ್ಲರದೂ ಒಂದೇ.' ನನ್ನ ಹೆಂಡತಿ ಸೋತದ್ದನ್ನು ಒಪ್ಪಲಿಲ್ಲ, ಆದರೆ ಅಂದಿನಿಂದ ನೀರು ಚಿಮುಕಿಸಿಯೇ ಗುಡಿಸುತ್ತಾಳೆ.

ಜಸ್ತದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಬಿದ್ರಿ ಪಾತ್ರೆಯ ಮುಖ್ಯ ಲೋಹ ಜಸ್ತ, ಅಂದರೆ ಸತು. ಅದಕ್ಕೆ ಸ್ವಲ್ಪ ತಾಮ್ರ ಸೇರಿಸಿ, ಭಟ್ಟಿಯ ಉರಿಯಲ್ಲಿ ಮೂಸೆಯಿಟ್ಟು ಕರಗಿಸಿ ಅಚ್ಚಿಗೆ ಸುರಿಯುತ್ತಾರೆ. ಉರಿ ಹದ ಮೀರಿದರೆ ಜಸ್ತ ತಾನೇ ಹೊತ್ತಿಕೊಳ್ಳುತ್ತದೆ. ಹಸಿರು ಛಾಯೆಯ ಜ್ವಾಲೆ ಏಳುತ್ತದೆ, ಜ್ವಾಲೆಯಿಂದ ಬಿಳಿ ಹೊಗೆ, ಹೊಗೆಯಿಂದ ಹಿಂಜಿದ ಹತ್ತಿಯಂಥ ಹಗುರಾದ ಪುಡಿ. ತೊಲೆಗಳ ಮೇಲೆ, ರುಮಾಲಿನ ಮೇಲೆ, ಮೀಸೆಯ ಮೇಲೆ ಬಂದು ಕೂರುತ್ತದೆ. ಭಟ್ಟಿಯವರು ಅದನ್ನು ಹತ್ತಿ ಎಂದೇ ಕರೆಯುತ್ತಿದ್ದರು. ಹಕೀಮರು ಅದನ್ನು ಕೊಂಡೊಯ್ದು ತುಪ್ಪದಲ್ಲಿ ಕಲಸಿ ತುರಿಕೆಗೆ, ಒಡೆದ ಹಿಮ್ಮಡಿಗೆ ಮುಲಾಮು ಮಾಡುತ್ತಿದ್ದರು. ಆದ್ದರಿಂದ ಅದು ಕೆಟ್ಟದ್ದೆಂದು ಯಾರಿಗೂ ಅನಿಸಿರಲಿಲ್ಲ.

ಒಮ್ಮೆ ಹೈದರಾಬಾದಿನಿಂದ ಬಂದ ಅಧಿಕಾರಿಯೊಬ್ಬರು ಕಾರ್ಖಾನೆ ನೋಡುತ್ತಾ, ಬುಟ್ಟಿಯಲ್ಲಿದ್ದ ಈ ಪುಡಿಯನ್ನು ಕೈಗೆ ತೆಗೆದುಕೊಂಡು, ಎಷ್ಟು ಹಗುರ ನೋಡೋಣ ಎಂದು ಊದಲು ಹೊರಟರು. 'ಊದಬ್ಯಾಡ್ರಿ ಸಾಹೇಬ್ರ, ನಿಮ್ಮ ಕಡಿಗೇ ಬರ್ತದ' ಎಂದಳು. ಅವರು ಕೈ ಕೆಳಗಿಳಿಸಿ, 'ಯಾಕೆ, ವಿಷವೇ?' ಎಂದು ಕೇಳಿದರು.

'ಮೈಗಿ ಹಚ್ಚಿದ್ರ ಔಷಧರಿ. ಮೂಗಿನಾಗ ಹೋದ್ರ ಜ್ವರಾ. ಹೊಟ್ಟ್ಯಾಗ ಹೋದ್ರ ವಾಂತಿ. ಪುಡಿ ಒಂದೇ, ಬಾಗಿಲಾ ಬ್ಯಾರೆ ಬ್ಯಾರೆ.'

ಅವರು ನಕ್ಕು, ಕೈ ತೊಳೆಯಲು ನೀರು ಕೇಳಿದರು. ನೀರಿನ ತಂಬಿಗೆ ಆಗಲೇ ಆಕೆಯ ಕೈಯಲ್ಲಿತ್ತು.

ಕಾರ್ಖಾನೆಗೂ ಆಕೆಗೂ ಏನು ಸಂಬಂಧ ಎಂದು ಓದುವವರು ಕೇಳಬಹುದು. ಆಕೆ ಅಲ್ಲಿಗೆ ಮೊದಲು ಬಂದದ್ದು ಕೆಲಸ ಕೇಳಿಕೊಂಡಲ್ಲ, ಗಂಡನ ಮನೆ ಉಳಿಸಿಕೊಳ್ಳಲು.

ಬೀದರಿಗೆ ರೈಲು ಇನ್ನೂ ಬಂದಿರದ ಕಾಲ. ನಾನು ಭಾಲ್ಕಿಯಲ್ಲಿ ಓದು ಮುಗಿಸಿ ಆ ಕಾರ್ಖಾನೆಯಲ್ಲಿ ದರೋಗಾ ಆಗಿದ್ದೆ, ಅಂದರೆ ಕೆಲಸಗಾರರ ಮೇಲ್ವಿಚಾರಕ. ಗಂಟೆ ಹೊಡೆಯುವುದು, ಕೆಲಸ ಹಂಚುವುದು, ಸಂಜೆ ಬಾಗಿಲು ಹಾಕುವುದು ನನ್ನ ಪಾಲಿನದು. ನಿಜಾಮರ ಸೀಮೆಯಲ್ಲಿ ವಾರದ ರಜೆ ಶುಕ್ರವಾರ. ಭಟ್ಟಿಯ ಹಿರಿಯ ಉಸ್ತಾದರು ಆ ದಿನವೂ ಮಸೀದಿಯಿಂದ ನೇರವಾಗಿ ಬಂದು ಒಂದು ಮೂಸೆಯಾದರೂ ಕರಗಿಸಿ ಹೋಗುವವರು. ಮನೆಯಲ್ಲಿ ಕೂತರೆ ಹೆಂಡತಿ ಕೆಲಸ ಹೇಳುತ್ತಾಳೆ ಎನ್ನುವುದು ಅವರ ಸಮಜಾಯಿಷಿ. ಅವರ ಕಣ್ಣು ಮಂಜಾದ ಮೇಲೆ ಎರಕ ಹೊಯ್ಯುವ ಕೆಲಸವನ್ನು ಕಮಠಾಣದ ಒಬ್ಬ ಯುವಕನಿಗೆ ವಹಿಸಿದೆ. ಕೆಲಸ ಅಚ್ಚುಕಟ್ಟು, ಮಾತು ಮಾತ್ರ ತೀರಾ ಕಡಿಮೆ. ಗುರುವಾರ ಸಂಜೆ ಊರಿಗೆ ನಡೆದು ಹೋಗಿ, ಶನಿವಾರ ನಸುಕಿಗೆ ಹೊರಟು ಗಂಟೆಗೆ ಮುಂಚೆ ಬಂದು ನಿಲ್ಲುತ್ತಿದ್ದ. ಅದೇ ತಿಂಗಳು ಅವನಿಗೆ ಔರಾದಿನಿಂದ ಹೆಣ್ಣು ತಂದರು.

ಅಲ್ಲಿಂದ ಶುರುವಾಯಿತು. ಶನಿವಾರ ಬೆಳಿಗ್ಗೆ ಚೆನ್ನಾಗಿ ಬರುತ್ತಿದ್ದ. ಸಂಜೆಯ ಹೊತ್ತಿಗೆ ಬಾಯಲ್ಲಿ ಏನೋ ಸಿಹಿ ಸಿಹಿ ಎನ್ನುತ್ತಿದ್ದ. ಆಮೇಲೆ ಗಂಟಲು ಒಣಗಿ, ನಡುಕ ಹತ್ತಿ, ಮೈ ಕೆಂಡವಾಗುತ್ತಿತ್ತು. ರಾತ್ರಿ ಬೆವರಿ, ಭಾನುವಾರ ಎದ್ದರೆ ಏನೂ ಆಗಿಲ್ಲದವನಂತೆ ಇರುತ್ತಿದ್ದ. ವಾರವೆಲ್ಲ ಅದೇ ಭಟ್ಟಿಯ ಮುಂದೆ ನಿಂತರೂ ಏನೂ ಇಲ್ಲ. ಮತ್ತೆ ಊರಿಗೆ ಹೋಗಿ ಬಂದ ಶನಿವಾರ ಜ್ವರ.

ಊರಿನವರು ಲೆಕ್ಕ ಹಾಕಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಹೆಂಡತಿಯ ಕೈಯಡುಗೆ ಉಂಡು ಬಂದ ದಿನ ಜ್ವರ, ಉಣ್ಣದ ದಿನ ಇಲ್ಲ. ಅದರಲ್ಲೂ ಬರುವುದು ಶನಿವಾರ. ಅತ್ತೆ ಬಾಯಿಬಿಟ್ಟೇ ಹೇಳಿದಳು, 'ನನ್ನ ಮಗಗ ಶನಿ ಸಾಡೇಸಾತಿ ಹಿಡದದ. ಅದು ಔರಾದದಿಂದ ಬಂಡಿ ಏರಿ ಬಂದದ.' ಭಾಲ್ಕಿಯಲ್ಲಿ ಅವಳ ಅಣ್ಣನಿಗೆ ಒಬ್ಬ ಮಗಳಿದ್ದಳು. ಮೊದಲಿನಿಂದಲೂ ಅವಳನ್ನು ತರುವ ಮನಸ್ಸು. ಈಗ ಅದಕ್ಕೊಂದು ದಾರಿ ಸಿಕ್ಕಂತಾಯಿತು.

ಅಷ್ಟರಲ್ಲಿ ಒಂದು ಶುಕ್ರವಾರ ರಾತ್ರಿ, ಊಟವಾದ ಸ್ವಲ್ಪ ಹೊತ್ತಿಗೆ ಮಗ ವಾಂತಿ ಮಾಡಿಕೊಂಡ. ಅತ್ತೆಗೆ ಇನ್ನು ಸಾಕ್ಷಿ ಬೇಕಾಗಲಿಲ್ಲ. ಹುಣ್ಣಿಮೆಯಾದ ಮೇಲಿನ ಶುಕ್ರವಾರ ಬಂದು ತಂಗಿಯನ್ನು ಕರೆದುಕೊಂಡು ಹೋಗಬೇಕೆಂದು ಔರಾದಿಗೆ, ಸೊಸೆಯ ಅಣ್ಣನಿಗೆ ಹೇಳಿಕಳಿಸಿದಳು. ಹಾಗೆ ಹೋದವಳು ತಿರುಗಿ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಮರುದಿನ ಗಂಟೆ ಹೊಡೆದು ತಿರುಗಿದರೆ, ಗಂಡನ ಹಿಂದೆ ಆಕೆ ನಿಂತಿದ್ದಳು. ತೆಳ್ಳಗೆ, ಎತ್ತರಕ್ಕೆ, ಹಣೆ ತುಂಬ ವಿಭೂತಿ. ಕಣ್ಣು ನೆಲದ ಮೇಲಿರಲಿಲ್ಲ, ಛಾವಣಿಯ ಮೇಲಿತ್ತು.

'ದರೋಗಾ ಸಾಬ್ರ, ಇವತ್ತು ಇವರು ನನ್ನ ಕೈಯಾಗಿಂದು ಏನೂ ಉಂಡಿಲ್ಲ. ನಿನ್ನಿ ರಾತ್ರಿ ಉಂಡದ್ದೂ ಹೊರಗ ಬಂತು. ಸಂಜಿ ತನಕ ನಾ ಇಲ್ಲೇ ಕುಂದರ್ತೇನಿ. ಜ್ವರಾ ಎಲ್ಲಿಂದ ಬರ್ತದ ನೋಡಬೇಕಾಗ್ಯದ.'

ಹೆಂಗಸರು ಭಟ್ಟಿಯ ಬಳಿ ಕೂರುವ ಪದ್ಧತಿ ನಮ್ಮಲ್ಲಿರಲಿಲ್ಲ. ನಾನು ಉಸ್ತಾದರ ಮುಖ ನೋಡಿದೆ. 'ಕೂಡಲಿ ಬಿಡ್ರಿ' ಎಂದರು ಅವರು. 'ಜ್ವರಾ ಹೆಂಗ ಬರ್ತದ ಅಂತ ನಾವು ಯಾರೂ ನೋಡಿಲ್ಲ. ಆಕಿಗಾರ ಕಾಣಸ್ತದೇನೋ.'

ಬಾಗಿಲ ಬಳಿ ಕೂತಳು. ಮೂಸೆಯ ಮೇಲೆ ಬಿಳಿ ಹೊಗೆ ಏಳುವುದನ್ನು, ಗಂಡ ಅದರೊಳಗೇ ಮುಖವಿಟ್ಟು ಲೋಹದ ಕಸ ತೆಗೆಯುವುದನ್ನು ನೋಡಿದಳು. ತೊಲೆಯಿಂದ ಉದುರಿದ ಪುಡಿಯನ್ನು ಬೆರಳಲ್ಲಿ ಒರೆಸಿ ನೋಡಿದ ಕೂಡಲೇ ಆಕೆಯ ಮುಖ ಬದಲಾಯಿತು.

'ಇದು ನಮ್ಮ ಮನ್ಯಾಗ ಅದ' ಎಂದಳು.

ನಡೆದದ್ದು ಇಷ್ಟು. ಅವ್ವನ ಹಿಮ್ಮಡಿ ಒಡೆದಿದೆ ಎಂದು ಗಂಡ ಒಂದು ಡಬ್ಬಿ ಹತ್ತಿಪುಡಿಯನ್ನು ಮನೆಗೆ ಒಯ್ದಿದ್ದ. ದೇವರ ಗೂಡಿನ ಪಕ್ಕದಲ್ಲಿ ಇಟ್ಟು, ತನ್ನ ಸ್ವಭಾವದಂತೆ ಏನೂ ಹೇಳದೆ ಬಂದಿದ್ದ. ಬೆಳ್ಳಗೆ, ನುಣ್ಣಗೆ, ದೇವರ ಪಕ್ಕದಲ್ಲಿ. ಮಗ ಯಾವುದೋ ಮಠದಿಂದ ವಿಭೂತಿ ತಂದಿದ್ದಾನೆ ಎಂದೇ ತಾಯಿ ತಿಳಿದಳು. ಶುಕ್ರವಾರ ಸಂಜೆ ಮಗನ ಹಣೆಗೆ ಅದನ್ನೇ ಹಚ್ಚಿ, ಜ್ವರ ಬಾರದಿರಲಿ ಎಂದು ಒಂದು ಚಿಟಿಕೆ ನಾಲಿಗೆಯ ಮೇಲೂ ಇಟ್ಟಿದ್ದಳು. ವಿಭೂತಿ ಬಾಯಿಗೆ ಹಾಕುವುದು ನಮ್ಮ ಮನೆಗಳಲ್ಲಿ ಹೊಸದಲ್ಲವಲ್ಲ. ವಾಂತಿಯಾದದ್ದು ಅದರಿಂದ.

'ಹಾಗಾದರೆ ಇವತ್ತೇ ಹೋಗಿ ಅತ್ತೆಗೆ ಹೇಳಿಬಿಡು ತಂಗಿ' ಎಂದೆ.

'ಬಾಯಿಲೆ ಹೇಳಿದ್ರ ಅದು ಸೊಸಿ ಮಾತು ಆಗ್ತದರಿ. ಕಣ್ಣಿಗಿ ಕಾಣೋ ಹಂಗ ಆಗಬೇಕು. ವಾಂತೀದು ಗೊತ್ತಾತು, ಜ್ವರದ್ದು ಇನ್ನೂ ಆಗಿಲ್ಲ. ಎರಡೂ ಕೂಡೇ ಹೇಳ್ತೇನಿ. ಅಲ್ಲಿ ತನಕ ಆ ಡಬ್ಬಿ ಮ್ಯಾಲ ಕಣ್ಣಿಡ್ತೇನಿ.'

ಸಂಜೆ ಜ್ವರ ಬಂತು. ಆಕೆ ಹೆದರಲಿಲ್ಲ. ಗಂಡನಿಗೆ ಕಂಬಳಿ ಹೊದಿಸಿ, ನನ್ನತ್ತ ತಿರುಗಿ ಎರಡು ಕೋರಿಕೆ ಇಟ್ಟಳು. ಬರುವ ಶುಕ್ರವಾರ ಅವನನ್ನು ಊರಿಗೆ ಕಳಿಸದೆ ನಮ್ಮ ಮನೆಯಲ್ಲಿ ಉಣ್ಣಲು ಇಟ್ಟುಕೊಳ್ಳಬೇಕು. ಅದರ ಮುಂದಿನ ಶುಕ್ರವಾರ ಊರಿಗೆ ಕಳಿಸಿ, ಶನಿವಾರ ಭಟ್ಟಿಗೆ ಬಿಡದೆ, ಎರಕದ ಪಾತ್ರೆಗೆ ಅರ ಹಾಕಿ ನುಣುಪು ಮಾಡುವ ಕೆಲಸ ಕೊಡಬೇಕು. ಕ್ರಮವಾಗಿ ಯೋಚಿಸುವವರ ಮಾತು ನನಗೆ ಬೇಗ ಅರ್ಥವಾಗುತ್ತದೆ. ಒಪ್ಪಿದೆ.

ಆ ಶುಕ್ರವಾರ ಅವನು ನನ್ನ ತಾಯಿಯ ಕೈಯ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡ. ಶನಿವಾರ ಭಟ್ಟಿಗೆ ನಿಂತ. ಸಂಜೆ ನಡುಗಿದ. ಭಾನುವಾರ ಆಕೆ ಮಜ್ಜಿಗೆ ಮಾರುವ ಹೆಂಗಸರ ಜೊತೆ ಕಮಠಾಣದಿಂದ ನಡೆದು ಬಂದು, ಸುದ್ದಿ ಕೇಳಿ, ನನ್ನ ತಾಯಿಯ ಎದುರಿಗೆ ಕೂತಳು.

'ಯಮ್ಮಾ, ನಿಮ್ಮ ಅಡಗಿಗೂ ಜ್ವರಾ ಬಂತಂತಲ್ರಿ.'

'ನನ್ನ ಅಡಗಿಗಿ ಇಷ್ಟು ವರ್ಷ ಯಾರಿಗೂ ತಲಿನೋವು ಸುದ್ದಾ ಬಂದಿಲ್ಲ' ಎಂದು ತಾಯಿ ಸಿಟ್ಟಾದರು.

'ನನ್ನ ಅಡಗಿನೂ ಹಂಗೇ ರಿ ಯಮ್ಮಾ. ಆದ್ರ ನನ್ನ ಮಾತು ನಂಬೋರು ಇಲ್ಲ. ನೀವು ಬಂದು ಹೇಳಿದ್ರ ನಂಬ್ತಾರ.'

ತಾಯಿಯ ಸಿಟ್ಟು ಅಲ್ಲಿಗೆ ಇಳಿಯಿತು. ಊಟ ಬಡಿಸಿದರು. ಆಕೆ ಉಂಡು, ತಟ್ಟೆ ತೊಳೆದಿಟ್ಟು ಹೋದಳು.

ಎರಡನೆಯ ಶುಕ್ರವಾರ ಅವನು ಹೆಂಡತಿಯ ಕೈಯಲ್ಲಿ ಹೊಟ್ಟೆತುಂಬ ಉಂಡು ಬಂದ. ಶನಿವಾರ ಹೊರಗಿನ ಕಟ್ಟೆಯ ಮೇಲೆ ಕೂಡಿಸಿ ಅರ ಕೊಟ್ಟೆ. ಅಂದು ಆಕೆಯೂ ಜೊತೆಗೆ ಬಂದಿದ್ದಳು. ಸಂಜೆ ಜ್ವರವಿಲ್ಲ. ಭಟ್ಟಿಯದೇ ಕೆಲಸ ಎಂಬುದು ನಿಚ್ಚಳವಾಯಿತು. ಶನಿವಾರವೇ ಏಕೆ ಎಂಬುದನ್ನು ಬಿಡಿಸಿದವರು ಉಸ್ತಾದರು.

'ನನಗೂ ಬರ್ತಿತ್ತು ಬೇಟಿ, ಈದ್ ರಜಾ ಮುಗಿಸಿ ಬಂದ ದಿನ. ಉಳಿದ ದಿನ ಬರ್ತಿರಲಿಲ್ಲ. ನಾ ಶುಕ್ರವಾರನೂ ಹೊಗಿ ಕುಡೀತಿದ್ನಲ್ಲ. ಮೈಗೆ ರೂಢಿ ಆಗಿರ್ತದ. ಒಂದು ದಿನ ಬಿಟ್ರ ಮೈ ಮರೀತದ, ಮರುದಿನ ಹೊಸಾದಾಗಿ ಹೆದರ್ತದ.'

'ಹಂಗಾರ ರೂಢಿ ಆಗ್ಲಿ ಅಂತ ರಜಾ ದಿನನೂ ಹೊಗಿ ಕುಡಿಬೇಕೇನ್ರಿ ಚಾಚಾ? ಹೊಗಿನೇ ಕಡಿಮಿ ಮಾಡಿದ್ರ ಆಗಲ್ಲೇನು?'

ಉಸ್ತಾದರು ಗಡ್ಡ ನೀವಿಕೊಂಡು ಬಹಳ ಹೊತ್ತು ನಕ್ಕರು. ಕಡಿಮೆ ಮಾಡುವುದು ಹೇಗೆಂದು ಅವರಿಗೆ ಗೊತ್ತೇ ಇತ್ತು, ಯಾರೂ ಕೇಳಿರಲಿಲ್ಲ. ಜಸ್ತ ಕರಗಿದ ಕೂಡಲೇ ತಿದಿ ಊದುವುದು ನಿಲ್ಲಿಸಬೇಕು. ಹಸಿರು ಜ್ವಾಲೆ ಕಂಡರೆ ಉರಿ ಮಿತಿ ಮೀರಿದೆ ಎಂದರ್ಥ. ಮೂಸೆಯ ಮೇಲೆ ಇದ್ದಿಲಪುಡಿ ಹರಡಿ ಮುಚ್ಚಳ ಹಾಕಬೇಕು. ಗಾಳಿಗೆ ಬೆನ್ನು ಕೊಟ್ಟು ನಿಂತು ಹೊಯ್ಯಬೇಕು. ಮುಂದೆ ನಾನು ಭಟ್ಟಿಯ ಮೇಲಿನ ಹೆಂಚು ತೆಗೆಸಿ ಹೊಗೆಗೆ ದಾರಿ ಮಾಡಿಸಿದೆ. ಭಟ್ಟಿಯ ಬಟ್ಟೆ, ರುಮಾಲು ಮನೆಗೆ ಹೋಗದೆ ಅಲ್ಲೇ ಗೂಟದ ಮೇಲೆ ಉಳಿಯಬೇಕು, ಕೈ ಬಾಯಿ ತೊಳೆಯದೆ ಬುತ್ತಿ ಬಿಚ್ಚಕೂಡದು ಎಂಬುದು ಆಕೆಯ ಸೇರ್ಪಡೆ. ಇವನ್ನು ಪಾಲಿಸುತ್ತಾರೋ ಇಲ್ಲವೋ ನೋಡಲು ಆಕೆಯನ್ನೇ ನೇಮಿಸಿಕೊಂಡೆವು. ಅದು ಆಮೇಲಿನ ಮಾತು.

ಆ ದಿನ ಆಕೆಯ ಕಣ್ಣು ಬೇರೆಡೆ ಇತ್ತು. ಭಟ್ಟಿಯ ಬಾಯಂಚಿಗೆ ಅಂಟಿದ್ದ ಹತ್ತಿ ಹಳದಿಯಾಗಿ ಕಾಣುತ್ತಿತ್ತು. 'ಇದು ಯಾಕ ಹಳದಿ ಅದರಿ?' ಎಂದು ಕೇಳಿದಳು. 'ಕಾದಾಗ ಹಳದಿ, ಆರಿದ್ರ ಮತ್ತ ಬಿಳಿ' ಎಂದರು ಉಸ್ತಾದರು. ಆಕೆ ಅದು ಆರಿ ಬಿಳಿಯಾಗುವವರೆಗೆ ನೋಡಿ, ಎದ್ದು ಹೋದಳು.

ಹುಣ್ಣಿಮೆಯಾದ ಮೇಲಿನ ಶುಕ್ರವಾರ ನಾನು, ನನ್ನ ತಾಯಿ, ಉಸ್ತಾದರು ಮೂವರೂ ಒಂದು ಬಂಡಿ ಮಾಡಿಕೊಂಡು ಕಮಠಾಣಕ್ಕೆ ಹೋದೆವು. ಉಸ್ತಾದರು ಅಲ್ಲಿನ ಮಸೀದಿಯಲ್ಲೇ ನಮಾಜು ಮುಗಿಸಿ ಬಂದರು. ಔರಾದಿನ ಅಣ್ಣ ಆಗಲೇ ಬಂದು ಅಂಗಳದಲ್ಲಿ ಬಂಡಿ ನಿಲ್ಲಿಸಿದ್ದ. ತಂಗಿಯ ಗಂಟು ಹೊಸ್ತಿಲ ಹತ್ತಿರ ಇತ್ತು. ಆಕೆಯ ಗಂಡ ಕಂಬಕ್ಕೆ ಒರಗಿ ನಿಂತಿದ್ದ. ಅತ್ತೆ ನಮ್ಮನ್ನು ನೋಡಿ ಚಾಪೆ ಹಾಸಿದಳು, ಮುಖ ಮಾತ್ರ ಬಿಗಿ.

ನನ್ನ ತಾಯಿ ಮೊದಲು ಮಾತಾಡಿದರು. 'ನಿನ್ನ ಮಗ ನನ್ನ ಮನ್ಯಾಗ ಉಂಡ್ರೂ ಜ್ವರಾ ಬಂತವ್ವಾ. ಹಂಗಾರ ನಾನೂ ಔರಾದದಾಕಿಯೇನು?'

ನಾನು ಅರದ ಶನಿವಾರದ ವಿಷಯ ಹೇಳಿದೆ. ಅತ್ತೆ ಕೇಳಿಸಿಕೊಂಡಳು. 'ಜ್ವರಾ ಭಟ್ಟಿದಿರಬೌದು ಸಾಬ್ರ. ಅವತ್ತು ವಾಂತಿ ಆದದ್ದು? ಅದು ಈ ಮನ್ಯಾಗ, ಈಕಿ ಅಡಗಿ ಉಂಡು.'

ಔರಾದದಾಕಿ ಒಳಗೆ ಹೋಗಿ ರೊಟ್ಟಿ ಹಂಚು, ದೇವರ ಗೂಡಿನ ವಿಭೂತಿ ಗಟ್ಟಿ, ಪಕ್ಕದ ಡಬ್ಬಿ ಮೂರನ್ನೂ ತಂದು ಅಂಗಳದ ಒಲೆಯ ಬಳಿ ಕೂತಳು. ಮೊದಲು ಗಾಳಿ ನೋಡಿದಳು, ನಮ್ಮೆಲ್ಲರನ್ನೂ ಈ ಬದಿಗೆ ಸರಿಸಿದಳು. ಹಂಚಿನ ಒಂದು ಕಡೆ ವಿಭೂತಿ ಉಜ್ಜಿ ಹಾಕಿದಳು, ಇನ್ನೊಂದು ಕಡೆ ಡಬ್ಬಿಯ ಪುಡಿ. ಹಂಚು ಕಾಯುತ್ತ ಬಂತು. ವಿಭೂತಿ ಬೆಳ್ಳಗೇ ಇತ್ತು. ಡಬ್ಬಿಯ ಪುಡಿ ಮಾತ್ರ ಅಂಚಿನಿಂದ ಬಣ್ಣ ತಿರುಗಿ, ಮಾಗಿದ ನಿಂಬೆಯಂತೆ ಹಳದಿಯಾಯಿತು. ಅಣ್ಣ ಕೂತಲ್ಲಿಂದ ಅರ್ಧ ಎದ್ದ.

'ಇದೇನು ಮಾಟ' ಎಂದಳು ಅತ್ತೆ.

'ಮಾಟ ಅಲ್ಲಮ್ಮಾ, ಜಸ್ತ' ಎಂದರು ಉಸ್ತಾದರು. 'ನಮ್ಮ ಭಟ್ಟೀದು. ನಲವತ್ತು ವರ್ಷ ನನ್ನ ಮೀಸಿ ಮ್ಯಾಲ ಕುಂತದ, ನನಗ ಗೊತ್ತಿಲ್ಲೇನು?'

ಆಕೆ ಹಂಚನ್ನು ಇಳಿಸಿ ನೆಲದ ಮೇಲಿಟ್ಟಳು. ಆರುತ್ತ ಆರುತ್ತ ಹಳದಿ ಹೋಗಿ ಮತ್ತೆ ಬಿಳಿಯಾಯಿತು. ಎರಡು ಬಿಳಿ ಪುಡಿಗಳು ಪಕ್ಕಪಕ್ಕದಲ್ಲಿ, ಈಗ ಗುರುತು ಹಿಡಿಯಲಾಗದಂತೆ. ಅತ್ತೆ ಬಗ್ಗಿ ಎರಡನ್ನೂ ನೋಡಿದಳು. ತನ್ನ ಬೆರಳನ್ನು ನೋಡಿಕೊಂಡಳು.

'ಅಂದ್ರ ಅವತ್ತು ನಾ ಅವನ ನಾಲಿಗಿ ಮ್ಯಾಲ...' ಎಂದು ಅಲ್ಲಿಗೇ ನಿಲ್ಲಿಸಿದಳು.

ಗೆದ್ದವರು ಮಾತಾಡುವ ಗಳಿಗೆ ಅದು. ಔರಾದದಾಕಿ ಗಂಡನ ಕಡೆ ತಿರುಗಿದಳು.

'ತಪ್ಪು ಅತ್ತೀದಲ್ಲ. ಕಾಲಿಗಿ ಹಚ್ಚೋದು ದೇವರ ಬಲ್ಲಿ ಇಟ್ಟು, ಒಂದು ಮಾತು ಹೇಳದೆ ಹೋದ್ರ ಯಾರಿಗಿ ತಿಳೀತದ? ದೇವರಿಗಾರ ಹೇಳಿದ್ರೋ ಇಲ್ಲೋ ಕೇಳ್ರಿ ಇವರ್ನ.'

ಮೊದಲು ನಕ್ಕವರು ಉಸ್ತಾದರು. ಆಮೇಲೆ ನನ್ನ ತಾಯಿ. ಕಂಬದ ಬಳಿಯವನು ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡು, 'ಹೇಳಬೇಕಿತ್ತು' ಎಂದ. ಆ ದಿನ ಅವನು ಆಡಿದ ಮಾತು ಅಷ್ಟೇ. ಅತ್ತೆ ನಗಲಿಲ್ಲ. ಸೊಸೆಯ ಕೈಯಿಂದ ಡಬ್ಬಿ ತೆಗೆದುಕೊಂಡು, ಮುಚ್ಚಳ ಒತ್ತಿ ಹಾಕಿ, ಸೆರಗಿನ ಅಂಚಿನ ಕರಿ ದಾರ ಹರಿದು ಗುರುತಿಗೆಂದು ಅದರ ಕೊರಳಿಗೆ ಬಿಗಿಯಾಗಿ ಕಟ್ಟಿದಳು.

ಅಣ್ಣನಿಗೆ ತನ್ನ ಪಾಡು ಏನೆಂದು ತಿಳಿಯಲಿಲ್ಲ. ಎತ್ತು ಕಟ್ಟಬೇಕೋ ಬಿಡಬೇಕೋ. 'ಅತ್ತೀ, ಮತ್ತ ನಾ ತಂಗೀನ ಕರಕೊಂಡು ಹೋಗ್ಲ್ಯೋ ಹ್ಯಾಂಗ?' ಎಂದು ಮೆಲ್ಲಗೆ ಕೇಳಿದ.

ಅತ್ತೆ ಹೊಸ್ತಿಲ ಬಳಿಯ ಗಂಟನ್ನು ಎತ್ತಿ ಒಳಗಿನ ಕತ್ತಲಿಗೆ ದೂಡಿದಳು. ಬೆನ್ನು ತಿರುಗಿಸಿಯೇ ಉತ್ತರ ಕೊಟ್ಟಳು.

'ಈಗ ಯಾಕ? ಪಂಚಮಿಗಿ ಬಾ, ಎಲ್ಲಾ ಅಣ್ಣಂದಿರು ಬರೋ ಹಂಗ. ಕಳಸ್ತೇನಿ. ಹಬ್ಬ ಮುಗದ ಮರುದಿನ ತಂದು ಬಿಡಬೇಕು ನೋಡು ಮತ್ತ. ಇಲ್ಲಿ ಮನಿ ನಡಸೋರು ಬ್ಯಾರೆ ಯಾರೂ ಇಲ್ಲ.'

ಅಣ್ಣ ಖಾಲಿ ಬಂಡಿ ಹೊಡೆದುಕೊಂಡು ಔರಾದಿನ ದಾರಿ ಹಿಡಿದ. ಊರ ಅಗಸೆಬಾಗಿಲು ದಾಟುವವರೆಗೂ ಅವನು ಎತ್ತುಗಳ ಜೊತೆ ಏನೋ ಮಾತಾಡುತ್ತಲೇ ಇದ್ದ.